ಶಿಕ್ಷೆಯಾಚೆಯ ಗಡೀಪಾರು

ಪರದೇಶದಲ್ಲಿ ನೆಲೆಸಿರುವ ವ್ಯಕ್ತಿ ಅಪರಾಧವೊಂದರಲ್ಲಿ ದೋಷಿಯೆಂದು ಸಾಬೀತಾದಾಗ ನ್ಯಾಯಾಲಯ ವಿಧಿಸುವ ಶಿಕ್ಷೆ ಒಂದಾದರೆ, ಅಲ್ಲಿ ಉಳಿಯುವ ಅನುಮತಿಗೆ ಬೀಳುವ ಪೆಟ್ಟು ಇನ್ನೊಂದು. ಎರಡನೆಯದನ್ನು ಬೇರೆ ಅಧಿಕಾರಿಗಳು ಬೇರೆ ಕಾನೂನಿನಡಿ ನಿರ್ಧರಿಸುವುದರಿಂದ, ಪ್ರಕರಣ ಮುಗಿಯಿತೆಂದುಕೊಂಡವರಿಗೂ ಎಷ್ಟೋ ವರ್ಷಗಳ ತರುವಾಯ ಗಡೀಪಾರಿನ ನೋಟಿಸು ಬರಬಹುದು. ಹಿರೀಸಾವೆ, ಚನ್ನರಾಯಪಟ್ಟಣ, ಹೊಳೆನರಸೀಪುರದಂಥ ಊರುಗಳಿಂದ ಮಕ್ಕಳನ್ನು ಓದಿಗೋ ಸಾಫ್ಟ್‌ವೇರ್ ಕೆಲಸಕ್ಕೋ ಅಮೆರಿಕಕ್ಕೆ ಕಳುಹಿಸುವ ಮನೆಗಳವರು ವೀಸಾದ ಅವಧಿಯಷ್ಟೇ ಎಚ್ಚರದಿಂದ ತಿಳಿದಿರಬೇಕಾದ ಸಂಗತಿಯಿದು.

ಅಮೆರಿಕದಲ್ಲಿ ಬಹುಪಾಲು ಕ್ರಿಮಿನಲ್ ಪ್ರಕರಣಗಳು, ಆರೋಪಿಯು ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯುವ ಒಪ್ಪಂದದಲ್ಲೇ ಮುಗಿಯುತ್ತವೆ. ಅಪಾಯ ಅಡಗಿರುವುದೂ ಅಲ್ಲೇ. 1996ರ ತಿದ್ದುಪಡಿಯ ನಂತರ, ಕಳ್ಳತನಕ್ಕೆ ಒಂದು ವರ್ಷದ ಸೆರೆವಾಸ ವಿಧಿಸಲ್ಪಟ್ಟರೆ ಅದು ವಲಸೆ ಕಾನೂನಿನ ಅತಿ ಗಂಭೀರ ಅಪರಾಧಗಳ ವರ್ಗಕ್ಕೆ ಸೇರುತ್ತದೆ. ಶಿಕ್ಷೆಯನ್ನು ಪೂರ್ತಿ ಅಮಾನತಿನಲ್ಲಿಟ್ಟು, ಅಂದರೆ ಜಾರಿಗೊಳಿಸದೆ ತಡೆಹಿಡಿದು, ಆರೋಪಿ ಒಂದು ದಿನವೂ ಜೈಲು ಕಾಣದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಅದೇ ಶಿಕ್ಷೆ 364 ದಿನಗಳದ್ದಾಗಿದ್ದರೆ ಆ ವರ್ಗಕ್ಕೆ ಬರುತ್ತಿರಲಿಲ್ಲ. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ ಪಡೆದವರಿಗೂ, ಅಪರಾಧ ಆ ವರ್ಗಕ್ಕೆ ಸೇರಿತೆಂದರೆ, ಹೆಂಡತಿ ಮಕ್ಕಳ ಸ್ಥಿತಿ ಹೇಳಿಕೊಂಡು ಉಳಿಯುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಒಂದು ದಿನದ ಅಂತರಕ್ಕೆ ಒಂದು ಕುಟುಂಬವನ್ನೇ ಕದಲಿಸುವ ಈ ನಿಯಮ ಕ್ರೂರವಾದುದು.

ಹೊಂಡುರಾಸ್ ಮೂಲದ ಹೊಸೆ ಪಡಿಲ್ಲಾ ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಅಮೆರಿಕದಲ್ಲಿದ್ದು, ವಿಯೆಟ್ನಾಂ ಯುದ್ಧದಲ್ಲಿ ಆ ದೇಶದ ಪರವಾಗಿ ಸೇವೆ ಸಲ್ಲಿಸಿದ್ದವರು. ಗಾಂಜಾ ಸಾಗಣೆಯ ಪ್ರಕರಣದಲ್ಲಿ, ಇಷ್ಟು ಕಾಲ ಇದ್ದವರಿಗೆ ಗಡೀಪಾರಿನ ಚಿಂತೆ ಬೇಡವೆಂಬ ವಕೀಲರ ಮಾತನ್ನು ನಂಬಿ ತಪ್ಪೊಪ್ಪಿಕೊಂಡರು, ಆ ಮಾತು ಸುಳ್ಳಾಯಿತು. ಗಡೀಪಾರಿನ ಸಾಧ್ಯತೆಯನ್ನು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯವೆಂದು 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು ಇವರ ಪ್ರಕರಣದಲ್ಲಿಯೇ. ಆದ್ದರಿಂದ ತಪ್ಪೊಪ್ಪಿಗೆಗೆ ಸಹಿ ಹಾಕುವ ಮುನ್ನ ವಲಸೆ ಕಾನೂನು ಬಲ್ಲವರನ್ನು ಕೇಳಲೇಬೇಕು.

ಭಾರತದ ನಿಯಮವೂ ಮೃದುವಲ್ಲ. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರು ಒಸಿಐ ಕಾರ್ಡಿನ ಬಲದಿಂದ ವೀಸಾ ಇಲ್ಲದೆ ಊರಿಗೆ ಬಂದುಹೋಗುತ್ತಾರೆ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆವಾಸದ ಶಿಕ್ಷೆಯಾದರೆ, ಇಲ್ಲವೇ ಏಳು ವರ್ಷ ಅಥವಾ ಅದಕ್ಕೂ ಮೀರಿದ ಶಿಕ್ಷೆಯ ಅಪರಾಧದಲ್ಲಿ ಚಾರ್ಜ್‌ಶೀಟ್ ಸಲ್ಲಿಕೆಯಾದರೆ ಆ ಕಾರ್ಡನ್ನು ರದ್ದುಪಡಿಸಬಹುದೆಂದು 2025ರ ಆಗಸ್ಟ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಅಧಿಸೂಚನೆ ಹೊರಡಿಸಿತು. ದೋಷ ಸಾಬೀತಾಗುವ ಮೊದಲೇ ಹಕ್ಕು ಕಳೆಯಬಹುದೆಂಬ ಎರಡನೆಯ ಷರತ್ತು ಆತಂಕ ಹುಟ್ಟಿಸುವಂಥದ್ದು.

ಭಾರತದಲ್ಲಿ ಶಿಕ್ಷೆಗೊಳಗಾದ ವಿದೇಶಿಯರಿಗೂ ಜೈಲಿನೊಂದಿಗೇ ಎಲ್ಲ ಮುಗಿಯುವುದಿಲ್ಲ. ಹಿರೀಸಾವೆಯ ಮೂಲಕ ಬೆಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ ಸಿಗುವ ನೆಲಮಂಗಲದ ಬಳಿ, ಸೊಂಡೆಕೊಪ್ಪದಲ್ಲಿ, ಹಿಂದೆ ವಿದ್ಯಾರ್ಥಿ ನಿಲಯವಾಗಿದ್ದ ಕಟ್ಟಡದಲ್ಲಿ ವಿದೇಶಿಯರ ಬಂಧನ ಕೇಂದ್ರವಿದೆ. ಜೈಲುಶಿಕ್ಷೆ ಮುಗಿಸಿದ ವಿದೇಶಿಯರನ್ನೂ ಅವರವರ ದೇಶದ ಪ್ರಯಾಣ ಪತ್ರ ಸಿದ್ಧವಾಗುವವರೆಗೆ ಇಂಥ ಕೇಂದ್ರಗಳಲ್ಲಿಯೇ ಇರಿಸಲಾಗುತ್ತದೆ.