ಗಿಜುಭಾಯಿಯವರ ಬಾಲಮಂದಿರ

‘ಮಾಂಟೆಸೊರಿ’ ಎಂಬ ಹಲಗೆಯನ್ನು ನಮ್ಮ ಊರುಗಳಲ್ಲಿ ನೋಡದವರಿಲ್ಲ. ಒಳಹೊಕ್ಕು ನೋಡಿದರೆ ಮೂರು ವರ್ಷದ ಕೂಸುಗಳು ಕೈಕಟ್ಟಿ ಕುಳಿತು ಎ, ಬಿ, ಸಿ ಒಪ್ಪಿಸುತ್ತಿರುವುದೂ ಉಂಟು. ಆ ಹೆಸರು ನಮ್ಮ ದೇಶಕ್ಕೆ ಬಂದಾಗ ಅದರ ಅರ್ಥ ಇದಾಗಿರಲಿಲ್ಲವೆಂಬುದು ಭಾವನಗರದ ಒಂದು ಚಿಕ್ಕ ಶಾಲೆಯ ಕಥೆಯಿಂದ ತಿಳಿಯುತ್ತದೆ.

ಗಿಜುಭಾಯಿ ಬಧೇಕಾ ಅವರು (1885–1939) ವೃತ್ತಿಯಿಂದ ವಕೀಲರು. 1913ರಲ್ಲಿ ಮಗನು ಹುಟ್ಟಿದನು. ಬೆತ್ತವೂ ಬಾಯಿಪಾಠವೂ ಆಳುತ್ತಿದ್ದ ಅಂದಿನ ಶಾಲೆಗೆ ಅವನನ್ನು ಒಪ್ಪಿಸಲು ತಂದೆಯ ಮನಸ್ಸು ಒಡಂಬಡಲಿಲ್ಲ. ಬೇರೆ ದಾರಿಯನ್ನು ಹುಡುಕುತ್ತಿರುವಾಗ ಮೇರಿಯಾ ಮಾಂಟೆಸೊರಿಯವರ ವಿಚಾರಗಳು ಅವರ ಕಣ್ಣಿಗೆ ಬಿದ್ದವು. ಇಟಲಿಯ ಈ ವೈದ್ಯೆ 1907ರಲ್ಲಿ ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದಿದ್ದರು. 1916ರಲ್ಲಿ ಗಿಜುಭಾಯಿಯವರು ವಕೀಲಿಯನ್ನು ಬಿಟ್ಟು, ನಾನಾಭಾಯಿ ಭಟ್ಟರು ಕಟ್ಟಿದ್ದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ಮೊದಲು ದೊಡ್ಡ ಹುಡುಗರ ನಡುವೆ ಕೆಲಸ. ಬುನಾದಿಯನ್ನು ಬಿಟ್ಟು ಗೋಡೆಯನ್ನು ತಿದ್ದುತ್ತಿದ್ದೇವೆಂದು ಅವರಿಗೆ ತೋರಿರಬೇಕು; 1920ರಲ್ಲಿ ಶಿಶುಗಳಿಗಾಗಿ ಬಾಲಮಂದಿರವನ್ನು ಆರಂಭಿಸಿದರು.

ಅಲ್ಲಿ ಮಗು ಏನು ಮಾಡುತ್ತದೆ? ಮಾಂಟೆಸೊರಿ ಪದ್ಧತಿಯ ಒಂದು ಉಪಕರಣವನ್ನು ನೋಡೋಣ. ಮರದ ದಿಮ್ಮಿಯಲ್ಲಿ ಬೇರೆಬೇರೆ ಅಳತೆಯ ಹತ್ತು ಕುಳಿಗಳು, ಅವಕ್ಕೆ ಸರಿಹೊಂದುವ ಹತ್ತು ಉರುಳೆಗಳು. ಒಂದನ್ನು ತಪ್ಪಾಗಿ ಇಟ್ಟರೆ ಕೊನೆಗೆ ಇನ್ನೊಂದಕ್ಕೆ ಜಾಗವಿರದು. ತಪ್ಪನ್ನು ತೋರಿಸುವುದು ದಿಮ್ಮಿಯೇ ಹೊರತು ಉಪಾಧ್ಯಾಯರಲ್ಲ. ಆದುದರಿಂದ ಬೈಗುಳಕ್ಕೂ ಭಯಕ್ಕೂ ಎಡೆಯಿಲ್ಲ. ಮಗು ತಾನಾಗಿ ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸುತ್ತದೆ. ಮರಳುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಬಳಪ ಹಿಡಿಯುವ ಮೊದಲೇ ಬರವಣಿಗೆಯ ತಿರುವುಗಳನ್ನು ಕಲಿಯುತ್ತದೆ. ಬೋಧಿಸುವ ಚಪಲವುಳ್ಳ ನಮ್ಮಂಥವರಿಗೆ ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದೇ ಕಷ್ಟದ ಪಾಠ!

ಇಷ್ಟಾದರೂ ಗಿಜುಭಾಯಿಯವರು ಗುರುವಿನ ಮಾತನ್ನು ಕಣ್ಣುಮುಚ್ಚಿ ಪಾಲಿಸಿದವರಲ್ಲ. ಚಿಕ್ಕ ಮಕ್ಕಳಿಗೆ ಅದ್ಭುತ ಕಥೆಗಳು ಹಿತವಲ್ಲವೆಂಬುದು ಮಾಂಟೆಸೊರಿಯವರ ಅಭಿಪ್ರಾಯ. ನಿಜವಾದ ಲೋಕವನ್ನು ಅರಿಯುವ ಮೊದಲು ಕಲ್ಪಿತ ಲೋಕವು ಮಗುವನ್ನು ಗೊಂದಲಕ್ಕೆ ತಳ್ಳುತ್ತದೆಂಬ ಅಂಜಿಕೆ. ಗಿಜುಭಾಯಿಯವರ ಬಾಲಮಂದಿರದಲ್ಲಾದರೋ ಕಾಗೆ ಗುಬ್ಬಿಗಳ ಕಥೆ, ಜನಪದ ಹಾಡು, ನಾಟಕ ಎಲ್ಲಕ್ಕೂ ಜಾಗವಿತ್ತು. ಅವರ ‘ದಿವಾಸ್ವಪ್ನ’ ಎಂಬ ಪುಸ್ತಕದ ಕಲ್ಪಿತ ಉಪಾಧ್ಯಾಯನು ಗದ್ದಲದ ನಾಲ್ಕನೆಯ ತರಗತಿಯನ್ನು ಕಥೆ ಹೇಳಿಯೇ ಒಲಿಸಿಕೊಳ್ಳುತ್ತಾನೆ. ಶುದ್ಧ ಪದ್ಧತಿಯವರು ಇದನ್ನು ಅಪಚಾರವೆಂದಾರು. ನನಗಂತೂ ಅಜ್ಜಿಯ ಕಥೆ ಕೇಳಿ ಬೆಳೆಯುವ ದೇಶದಲ್ಲಿ ಅವರು ಮಾಡಿದ್ದೇ ಸರಿಯೆಂದು ತೋರುತ್ತದೆ. ಅವರಿಗೆ ‘ಮೂಛಾಳೀ ಮಾ’, ಎಂದರೆ ಮೀಸೆಯುಳ್ಳ ತಾಯಿ ಎಂಬ ಹೆಸರು ಬಂದಿತು.

ಶಾಲೆ ಚಿಕ್ಕದೇ ಆದರೂ ಅದರ ಕೊಂಬೆಗಳು ದೂರ ಚಾಚಿದವು. ಉಪಾಧ್ಯಾಯರನ್ನು ತರಬೇತು ಮಾಡುವ ಅಧ್ಯಾಪನ ಮಂದಿರ ಹುಟ್ಟಿತು. 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಏರ್ಪಟ್ಟಿತು. ತಾರಾಬಾಯಿ ಮೋಡಕರು ರಾಜಕೋಟೆಯ ಕಾಲೇಜಿನ ಪ್ರಿನ್ಸಿಪಾಲರ ಪದವಿಯನ್ನು ಬಿಟ್ಟು ಇಲ್ಲಿಗೆ ಬಂದರು.

1939ರ ಜೂನ್ ತಿಂಗಳಲ್ಲಿ ಗಿಜುಭಾಯಿಯವರು ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಮಾಂಟೆಸೊರಿಯವರು ಮದರಾಸಿಗೆ ಬಂದಿಳಿದರು. ಐದು ತಿಂಗಳು!

ಉಪಕರಣಗಳ ಬೆಲೆಯ ಪ್ರಶ್ನೆ ಮಾತ್ರ ಉಳಿದೇ ಇತ್ತು. ಬಡವರ ಕೇರಿಯಲ್ಲಿ ಹುಟ್ಟಿದ ಪದ್ಧತಿ ನಮ್ಮಲ್ಲಿ ಉಳ್ಳವರ ಮಕ್ಕಳ ಪಾಲಾಗುತ್ತಿತ್ತು. ತಾರಾಬಾಯಿಯವರು 1945ರಲ್ಲಿ ಥಾಣಾ ಜಿಲ್ಲೆಯ ಬೋರ್ಡಿ ಗ್ರಾಮಕ್ಕೆ ಹೋಗಿ, ಅನುತಾಯಿ ವಾಘ್ ಅವರೊಡನೆ ಕಾಯಿ, ಎಲೆ, ಕಲ್ಲು, ಚಿಪ್ಪುಗಳಿಂದಲೇ ಉಪಕರಣಗಳನ್ನು ಮಾಡಿಕೊಂಡರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಕೇರಿಯ ಅಂಗಳಕ್ಕೆ ಹೋಯಿತು. ಅಂಗಳದ ಆ ಶಾಲೆಯೇ ಅಂಗನವಾಡಿ. 1975ರಲ್ಲಿ ಭಾರತ ಸರ್ಕಾರದ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅದರ ಕೇಂದ್ರಗಳಿಗೂ ಇದೇ ಹೆಸರು ಬಂದಿತು. ನಮ್ಮ ರಾಜ್ಯದಲ್ಲಿ ಅವು ಮೊದಲು ತೆರೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ.