ಹಳಿಯ ಮೇಲೆ ಬೆಳೆದ ಹುಬ್ಬಳ್ಳಿ, ಹಳಿ ಕಾಣದ ಹೂಲಿ

ಊರುಗಳ ಏಳುಬೀಳುಗಳಿಗೆ ಅರಸರ ಕೃಪೆ, ನದಿಯ ನೀರು, ದೇವರ ಜಾತ್ರೆ ಮೊದಲಾದ ಹಲವು ಕಾರಣಗಳನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಕಳೆದ ನೂರಾ ನಾಲ್ವತ್ತು ವರ್ಷಗಳಲ್ಲಿ ಇವೆಲ್ಲವುಗಳಿಗಿಂತಲೂ ಬಲವಾದ ಇನ್ನೊಂದು ಕಾರಣವು ಉತ್ತರ ಕರ್ನಾಟಕದ ಊರುಗಳ ಹಣೆಬರಹವನ್ನು ಬರೆದಿದೆ. ಅದು ರೇಲ್ವೆ. ಹಳಿ ಹಾಯ್ದುಹೋದ ಊರು ಪಟ್ಟಣವಾಯಿತು. ಹಳಿ ಬಿಟ್ಟುಹೋದ ಊರು, ಅದಕ್ಕೆ ಎಂಥ ಪೂರ್ವವೈಭವವಿದ್ದರೂ, ಹಳ್ಳಿಯಾಗಿಯೇ ಉಳಿಯಿತು. ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಒಂದು ಕಡೆ ಹುಬ್ಬಳ್ಳಿಯಿದೆ. ಇನ್ನೊಂದು ಕಡೆ ಸವದತ್ತಿ ತಾಲೂಕಿನ ಹೂಲಿಯಿದೆ.

ಹೂಲಿಯೆಂದರೆ ಶಾಸನಗಳ ‘ಪೂಲಿ’. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಸಾಸಿರ್ವರು ಮಹಾಜನರ ಅಗ್ರಹಾರವೆಂದು ನಾಡಿನಲ್ಲಿ ಹೆಸರುಗೊಂಡಿತ್ತು. ಪಂಚಲಿಂಗೇಶ್ವರನ ಭವ್ಯ ದೇವಾಲಯವೂ ಅದರ ಸುತ್ತಣ ಹಳೆಯ ಗುಡಿಗಳೂ ಆ ದಿನಗಳಿಗೆ ಇಂದಿಗೂ ಸಾಕ್ಷಿಯಾಗಿ ನಿಂತಿವೆ. ವಿದ್ಯೆಗೂ ದಾನಧರ್ಮಕ್ಕೂ ಹೆಸರಾದ ಆ ಊರಿನವರು ಈಗ ರೇಲ್ವೆಯನ್ನು ಹತ್ತಬೇಕಾದರೆ ಧಾರವಾಡಕ್ಕೋ ಹುಬ್ಬಳ್ಳಿಗೋ ಬಸ್ಸಿನಲ್ಲಿ ಹೋಗಬೇಕು. ಹೂಲಿಯೊಂದರ ಮಾತೇಕೆ? ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಈ ನಾಲ್ಕು ಪೇಟೆಗಳಲ್ಲಿ ಒಂದಕ್ಕೂ ಇಂದಿನವರೆಗೆ ರೇಲ್ವೆ ಸ್ಟೇಶನ್ನಿಲ್ಲ. ಚನ್ನಮ್ಮನ ಕಿತ್ತೂರಿಗೂ ಇಲ್ಲ. ಲಕ್ಷಾವಧಿ ಜನರು ಕೂಡುವ ಎಲ್ಲಮ್ಮನ ಗುಡ್ಡಕ್ಕೂ ಇಲ್ಲ. ಆದುದರಿಂದ ಹುಬ್ಬಳ್ಳಿಯು ರೇಲ್ವೆಯಿಂದ ಏನನ್ನು ಪಡೆಯಿತು, ಏನನ್ನು ತೆತ್ತಿತು, ಅದನ್ನು ಹೇಗೆ ತನ್ನದಾಗಿ ಮಾಡಿಕೊಂಡಿತು ಎಂಬುದನ್ನು ಈ ಭಾಗದ ಜನರು ವಿಚಾರಿಸುವದು ಅವಶ್ಯವಾಗಿದೆ.

ಹುಬ್ಬಳ್ಳಿಯನ್ನು ರೇಲ್ವೆಯೇ ಹುಟ್ಟಿಸಿತೆಂದರೆ ತಪ್ಪಾದೀತು. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯನ್ನು ಕಂಡವರಿಗೆ ಆ ನೆಲದ ಪ್ರಾಚೀನತೆ ತಿಳಿಯದೆ ಇರದು. ಹದಿನೇಳನೆಯ ಶತಮಾನದಲ್ಲಿ ಅದು ಬಟ್ಟೆಯ ವ್ಯಾಪಾರದ ದೊಡ್ಡ ಪೇಟೆಯಾಗಿತ್ತು. ೧೬೭೩ರಲ್ಲಿ ಮರಾಠರ ದಂಡು ಅದನ್ನು ಕೊಳ್ಳೆಹೊಡೆದಾಗ ಅಲ್ಲಿಯ ಇಂಗ್ಲಿಷ್ ಕೋಠಿಯೂ ಸೂರೆಹೋಯಿತು. ಸವಣೂರ ನವಾಬರ ಆಳಿಕೆಯಲ್ಲಿ ಬಸಪ್ಪಶೆಟ್ಟಿಯೆಂಬ ವರ್ತಕನು ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿದನು. ಮೂರುಸಾವಿರ ಮಠವು ಊರಿನ ಧಾರ್ಮಿಕ ಜೀವನಕ್ಕೆ ಆಶ್ರಯವಾಯಿತು. ೧೮೫೫ರಲ್ಲಿಯೇ ಅಲ್ಲಿ ಮುನಸಿಪಾಲಿಟಿ ಸ್ಥಾಪಿತವಾಯಿತು. ಹೀಗೆ ರೇಲ್ವೆ ಬರುವ ಮೊದಲೇ ಅಲ್ಲಿ ವ್ಯಾಪಾರವಿತ್ತು, ಕೈಕಸಬಿತ್ತು, ಊರ ಕಾರಭಾರವನ್ನು ನಡೆಯಿಸುವ ಜನರಿದ್ದರು.

ಆಗಿನ ವ್ಯಾಪಾರದ ದಾರಿ ಪಶ್ಚಿಮಕ್ಕಿತ್ತು. ಧಾರವಾಡ ಜಿಲ್ಹೆಯ ಅರಳೆಯು ಎತ್ತಿನ ಬೆನ್ನಿನ ಮೇಲೆ, ಮುಂದೆ ಬಂಡಿಗಳಲ್ಲಿ, ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಹೋಗಿ, ಅಲ್ಲಿಂದ ಹಡಗವನ್ನೇರಿ ಮುಂಬಯಿಗೆ ಮುಟ್ಟುತ್ತಿತ್ತು. ಅಮೇರಿಕೆಯಲ್ಲಿ ೧೮೬೧ರಿಂದ ೧೮೬೫ರ ವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿಯು ಇಂಗ್ಲಂಡಕ್ಕೆ ಬರುವದು ನಿಂತಾಗ ನಮ್ಮ ನಾಡಿನ ಹತ್ತಿಗೆ ಬಂಗಾರದ ಬೆಲೆ ಬಂದಿತು. ನಮ್ಮ ಕರಿಯ ಎರೆಯ ನೆಲದಲ್ಲಿ ಬೆಳೆದ ಅರಳೆಗೆ ಪರದೇಶಗಳ ಪೇಟೆಯಲ್ಲಿ ಕುಮಟೆಯ ಹೆಸರೇ ನಿಂತುಹೋಯಿತು.

ಅನಂತರ ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವು ಬಂದಿತು. ವಿಜಾಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ ಈ ಸೀಮೆಗಳಲ್ಲಿ ಜನರೂ ದನಗಳೂ ಅನ್ನನೀರಿಲ್ಲದೆ ಅಸಂಖ್ಯವಾಗಿ ಅಳಿದುವು. ಒಂದು ಕಡೆಯ ಕಾಳು ಇನ್ನೊಂದು ಕಡೆಗೆ ಬೇಗನೆ ಹೋಗುವಂತಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದುವೆಂದು ಸರಕಾರಕ್ಕೆ ಆಗ ಮನವರಿಕೆಯಾಯಿತು. ೧೮೮೦ರ ಕ್ಷಾಮ ಕಮಿಶನ್ನು ಲಾಭವನ್ನೆಣಿಸದೆ ರಕ್ಷಣೆಗಾಗಿ ರೇಲ್ವೆಗಳನ್ನು ಹಾಕಬೇಕೆಂದು ಸಲಹೆ ಮಾಡಿತು. ಇದರ ಫಲವಾಗಿ ೧೮೮೨ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಹುಟ್ಟಿತು. ೧೮೮೪ರಲ್ಲಿ ಹೊಟಗಿಯಿಂದ ಗದಗಿನ ವರೆಗಿನ ಮಾರ್ಗವು ತೆರೆಯಿತು; ೧೮೮೮ರ ಹೊತ್ತಿಗೆ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್‌ಗಳ ಮೇಲಿಂದ ಮರ್ಮಗೋವೆಯ ಬಂದರವು ಕೂಡಿತು. ಹರಿಹರದ ಕಡೆಗೆ ಹೋದ ಮಾರ್ಗವು ಮೈಸೂರ ಸೀಮೆಯನ್ನೂ ಲೋಂಡೆಯಿಂದ ಉತ್ತರಕ್ಕೆ ಹೋದ ಮಾರ್ಗವು ಬೆಳಗಾವಿ, ಪುಣೆಗಳನ್ನೂ ಜೋಡಿಸಿತು. ಹೀಗೆ ಹತ್ತು ವರ್ಷಗಳೊಳಗೆ ಹುಬ್ಬಳ್ಳಿಯು ದಿಕ್ಕುದಿಕ್ಕುಗಳ ಹಾದಿಗಳು ಕೂಡುವ ಸಂಧಿಸ್ಥಾನವಾಯಿತು. ಕಂಪನಿಯ ದೊಡ್ಡ ಕಾರಖಾನೆಯೂ ಅಲ್ಲಿಯೇ ಏರ್ಪಟ್ಟಿತು.

ಈ ರೇಲ್ವೆಯನ್ನು ಬರಿಯ ಉಪಕಾರವೆಂದು ಹೊಗಳುವದು ಎಷ್ಟು ಅವಿವೇಕವೋ, ಬರಿಯ ಸುಲಿಗೆಯೆಂದು ಹಳಿಯುವದೂ ಅಷ್ಟೇ ಅವಿವೇಕ. ಕಾಳನ್ನು ಒಳಗೆ ತರುವದಕ್ಕಾಗಿ ಹಾಕಿದ ಹಳಿಯೇ ಹತ್ತಿಯನ್ನು ಹೊರಗೆ ಸಾಗಿಸಿತು. ಹೊರಗಿನ ಗಿರಣಿಯ ಅಗ್ಗದ ಅರಿವೆಯನ್ನು ನಮ್ಮ ಸಂತೆಗಳಲ್ಲಿ ತಂದು ಸುರಿಯಿತು. ಹುಬ್ಬಳ್ಳಿಯಲ್ಲಿ ನೂಲಿನ ಗಿರಣಿಗಳೂ ಅರಳೆ ಹಿಂಜುವ ಜಿನ್ನುಗಳೂ ಎದ್ದುವು. ಅದೇ ಕಾಲಕ್ಕೆ ಹಳ್ಳಿಹಳ್ಳಿಗಳ ಮಗ್ಗಗಳು ನಿಂತುವು. ಹುಬ್ಬಳ್ಳಿಯ ಅಡತಿ ಅಂಗಡಿಗಳು ಬೆಳೆದುವು. ಕುಮಟೆಯ ಬಂದರವು ಬರಿದಾಯಿತು. ಒಂದು ಊರಿಗೆ ಬಂದ ಸಿರಿಯು ಇನ್ನೊಂದು ಊರಿನ ಬಾಗಿಲನ್ನು ಮುಚ್ಚಿ ಬಂದಿತೆಂಬುದನ್ನು ಹೊಸ ರೇಲ್ವೆಯನ್ನು ಬೇಡುವವರು ಮರೆಯಬಾರದು.

ಕಾರಖಾನೆಯೊಡನೆ ಹುಬ್ಬಳ್ಳಿಗೆ ಹೊಸ ಜನವೂ ಬಂದಿತು. ಬೆಂಕಿಯೊಡನೆ ಕೆಲಸಮಾಡುವ ಕಮ್ಮಾರರು, ಬಡಿಗರು, ಗಾರ್ಡುಗಳು, ಡ್ರೈವರರು, ಕಾರಕೂನರು ಹೀಗೆ ತೆಲುಗರು, ತಮಿಳರು, ಮರಾಠಿಗರು, ಗೋವೆಯ ಕ್ರೈಸ್ತರು, ಆಂಗ್ಲೋ ಇಂಡಿಯನ್ನರು ಬಂದು ನೆಲಸಿದರು. ಕಾರಖಾನೆಯ ಭೋಂಗಾ ಊರಿಗೆಲ್ಲ ಗಡಿಯಾರವಾಯಿತು. ಒಂದೇ ಸಾಲಿನ ಮನೆಗಳಲ್ಲಿ ನಾಲ್ಕು ಭಾಷೆಗಳು, ಒಂದೇ ನಲ್ಲಿಯ ಹತ್ತಿರ ನಾಲ್ಕು ಬಗೆಯ ಕೊಡಗಳು. ಆದರೆ ಪೇಟೆಯ ಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. ಬಂದವರು ಕನ್ನಡವನ್ನು ಕಲಿತರು. ಇದ್ದವರು ಬಂದವರ ಹಬ್ಬಗಳಲ್ಲಿ ಪಾಲುಗೊಂಡರು. ಸಿದ್ಧಾರೂಢ ಸ್ವಾಮಿಗಳ (೧೮೩೬–೧೯೨೯) ಮಠದಲ್ಲಿ ಜಾತಿಯನ್ನು ಕೇಳದೆ ಅನ್ನವಿಕ್ಕುತ್ತಿದ್ದುದು ಇಂಥ ಕೂಡು ಊರಿನ ಜೀವನಕ್ಕೆ ಒಂದು ಆಧಾರವಾಯಿತು. ಹುಬ್ಬಳ್ಳಿಯ ಸ್ಟೇಶನ್ನಿಗೆ ೨೦೨೦ರಲ್ಲಿ ಆ ಮಹಾತ್ಮರ ಹೆಸರನ್ನೇ ಇಟ್ಟುದು ಉಚಿತವಾಗಿದೆ.

ಆದರೆ ಎಲ್ಲರೂ ತಮ್ಮ ಇಚ್ಛೆಯಿಂದಲೇ ಬಂದವರಲ್ಲ. ಹುಟ್ಟಿನಿಂದಲೇ ಅಪರಾಧಿಗಳೆಂದು ಸರಕಾರವು ಹೆಸರಿಟ್ಟ ಜನಾಂಗಗಳನ್ನು ೧೯೧೧ರ ಕಾಯಿದೆಯ ಮೇರೆಗೆ ತಂದು ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿ ಕೂಡಿಹಾಕಿದರು. ಹಾಜರಿ ಕೊಟ್ಟು ಹೊರಬಿದ್ದು, ಗಿರಣಿಯಲ್ಲಿಯೂ ರೇಲ್ವೆ ಕಾರಖಾನೆಯಲ್ಲಿಯೂ ದುಡಿದು, ಮತ್ತೆ ಹಾಜರಿ ಕೊಟ್ಟು ಒಳಸೇರುವದು ಅವರ ಬಾಳಾಯಿತು. ಆ ಕಾಯಿದೆಯು ೧೯೫೨ರಲ್ಲಿ ದೇಶದಿಂದ ತೊಲಗಿತು. ಸೆಟ್ಲಮೆಂಟೆಂಬ ಹೆಸರು ಮಾತ್ರ ಊರಿನಲ್ಲಿ ಉಳಿಯಿತು. ಈಗ ಆ ಓಣಿಗಳು ಹಾಕಿ ಆಟಗಾರರಿಗೆ ಹೆಸರಾಗಿವೆ. ಹುಬ್ಬಳ್ಳಿಯ ವೈಭವವನ್ನು ಬಣ್ಣಿಸುವವರು ಈ ಜನರ ಬೆವರನ್ನು ಲೆಕ್ಕದಿಂದ ಬಿಟ್ಟರೆ ಆ ಲೆಕ್ಕವು ಸುಳ್ಳಾಗುತ್ತದೆ.

ರೇಲ್ವೆಯು ಸರಕನ್ನಷ್ಟೇ ಅಲ್ಲ, ಕಲೆಯನ್ನೂ ಸಾಗಿಸಿತು. ಹುಬ್ಬಳ್ಳಿಯ ದಕ್ಷಿಣಕ್ಕೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದ ಸ್ಟೇಶನ್ನಿದೆ. ಅಲ್ಲಿ ಸವಾಯಿ ಗಂಧರ್ವರು ನೆಲಸಿದ್ದರು. ಹುಬ್ಬಳ್ಳಿಯಲ್ಲಿ ಮನೆಮಾಡಿದ್ದ ಗಂಗೂಬಾಯಿ ಹಾನಗಲ್ಲರು ಆ ಗುರುಗಳ ಬಳಿ ಪಾಠಕ್ಕಾಗಿ ಗಾಡಿಯಲ್ಲಿಯೇ ಹೋಗಿಬರುತ್ತಿದ್ದರು. ಗದಗಿನ ಬಾಲಕ ಭೀಮಸೇನ ಜೋಶಿಯವರು ಗುರುವನ್ನು ಅರಸಿ ಮನೆಬಿಟ್ಟುಹೋದುದೂ ರೇಲ್ವೆಯಲ್ಲಿಯೇ. ಆ ಕಾಲದ ನಾಟಕ ಕಂಪನಿಗಳು ಪರದೆ, ಪೆಟ್ಟಿಗೆಗಳೊಡನೆ ಊರಿಂದೂರಿಗೆ ಹೋಗುತ್ತಿದ್ದುದೂ ಈ ಹಳಿಗಳ ಮೇಲೆಯೇ. ಹಳಿಯ ಬದಿಯ ಊರುಗಳು ಸಂಗೀತಕ್ಕೆ ತವರಾದುದು ಕೇವಲ ದೈವಯೋಗವಲ್ಲ.

ರಾಷ್ಟ್ರೀಯ ವಿಚಾರಗಳೂ ಇದೇ ಹಾದಿಯಿಂದ ಬಂದುವು. ಪತ್ರಿಕೆಗಳ ಕಟ್ಟುಗಳು ಗಾಡಿಯಲ್ಲಿ ಬಂದುವು, ಮುಖಂಡರು ಬಂದರು, ಸಭೆಗಳು ನೆರೆದುವು. ೧೯೪೨ರ ಆಗಸ್ಟ್ ೧೫ರಂದು ‘ಚಲೇಜಾವ್’ ಚಳವಳಿಯ ಮೆರವಣಿಗೆಯ ಮೇಲೆ ಪೋಲೀಸರು ಗುಂಡುಹಾರಿಸಿದಾಗ ಹುಬ್ಬಳ್ಳಿಯ ಬಾಲಕ ನಾರಾಯಣ ಡೋಣಿಯು ಪ್ರಾಣವನ್ನರ್ಪಿಸಿದನು. ಸ್ವಾತಂತ್ರ್ಯವು ಬಂದ ಬಳಿಕ ಕರ್ನಾಟಕದ ಏಕೀಕರಣವು ತಡವಾದಾಗ, ೧೯೫೩ರಲ್ಲಿ ಸಮೀಪದ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸವನ್ನು ಕೈಕೊಂಡರು. ಆಗ ಹುಬ್ಬಳ್ಳಿಯಲ್ಲಿ ಜನರ ಕೋಪವು ಉಕ್ಕಿ ಹರಿಯಿತು. ೧೯೫೬ರ ನವೆಂಬರ ೧ರಂದು ನಾಡು ಒಂದಾಯಿತು. ಇಷ್ಟು ಜನ ಒಂದೆಡೆಗೆ ಕೂಡಿ, ಸುದ್ದಿಯನ್ನು ಬೇಗನೆ ಕೇಳಿ, ಬೇಗನೆ ಎದ್ದು ನಿಲ್ಲುವಂತಾದುದರಲ್ಲಿ ರೇಲ್ವೆಯ ಪಾಲು ಸಣ್ಣದಲ್ಲ.

ಆದರೆ ನಾಡು ಒಂದಾದರೂ ರೇಲ್ವೆಯ ಆಡಳಿತವು ನಾಡಿನ ಕೈಗೆ ಬರಲಿಲ್ಲ. ಸದರ್ನ್ ಮರಾಠಾ ಕಂಪನಿಯ ಮುಖ್ಯ ಕಚೇರಿಯು ಮೊದಲು ಧಾರವಾಡದಲ್ಲಿತ್ತು. ೧೯೦೮ರಲ್ಲಿ ಆ ಕಂಪನಿಯು ಮದ್ರಾಸ್ ರೇಲ್ವೆಯೊಡನೆ ಕೂಡಿದಾಗ ಅಧಿಕಾರವೆಲ್ಲವೂ ಮದ್ರಾಸಿಗೆ ಹೋಯಿತು. ಧಾರವಾಡದಲ್ಲಿ ಉಳಿದ ಆ ಭವ್ಯ ಕಟ್ಟಡವು ೧೯೧೭ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜಿಗೆ ಮನೆಯಾದುದೊಂದೇ ಸಮಾಧಾನ. ೧೯೪೪ರಲ್ಲಿ ಕಂಪನಿಯಿಂದ ಸರಕಾರದ ವಶಕ್ಕೆ ಬಂದರೂ, ೧೯೫೧ರಲ್ಲಿ ದಕ್ಷಿಣ ರೇಲ್ವೆಯಾದರೂ ಮಾತು ಮದ್ರಾಸಿನದೇ. ೧೯೬೬ರಲ್ಲಿ ಹುಬ್ಬಳ್ಳಿಯ ವಿಭಾಗವನ್ನು ಸಿಕಂದರಾಬಾದಿಗೆ ಸೇರಿಸಿದರು. ಕೊನೆಗೆ, ಮುಖ್ಯ ಕಚೇರಿಯು ಬೆಂಗಳೂರಿಗೋ ಹುಬ್ಬಳ್ಳಿಗೋ ಎಂಬ ವಾದವು ವರ್ಷಗಟ್ಟಲೆ ನಡೆದು, ನಾಗರಿಕರು ಬೀದಿಗಿಳಿದು ಕೂಗಿದ ಮೇಲೆ, ೨೦೦೩ರ ಎಪ್ರಿಲ್ ೧ರಂದು ನೈಋತ್ಯ ರೇಲ್ವೆಯು ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ನಡೆಯತೊಡಗಿತು. ಧಾರವಾಡದಿಂದ ಹೋದ ಅಧಿಕಾರವು ಹತ್ತು ಹರದಾರಿಯೊಳಗಿನ ಹುಬ್ಬಳ್ಳಿಗೆ ಹಿಂದಿರುಗಲು ತೊಂಬತ್ತೈದು ವರ್ಷಗಳು ಬೇಕಾದುವು! ಇಂದಿಗೂ ಮಂಗಳೂರು ಪಾಲಘಾಟದ ವಿಭಾಗದಲ್ಲಿದೆ. ಕಲಬುರ್ಗಿ ಸೊಲ್ಲಾಪುರದ ವಿಭಾಗದಲ್ಲಿದೆ. ಆದುದರಿಂದ ಕೆಲಸವು ಮುಗಿಯಿತೆಂದು ಕುಳ್ಳಿರುವ ಹಾಗಿಲ್ಲ.

೨೦೨೩ರ ಮಾರ್ಚಿನಲ್ಲಿ ಹುಬ್ಬಳ್ಳಿಯ ಸ್ಟೇಶನ್ನಿನಲ್ಲಿ ೧೫೦೭ ಮೀಟರು ಉದ್ದದ ಪ್ಲಾಟಫಾರ್ಮು ಲೋಕಾರ್ಪಣವಾಯಿತು. ಜಗತ್ತಿನಲ್ಲಿಯೇ ಉದ್ದವಾದುದೆಂದು ಅದು ಹೆಸರುಗೊಂಡಿತು. ಹೆಮ್ಮೆಪಡುವದು ಯೋಗ್ಯವೇ. ಆದರೆ ಪ್ಲಾಟಫಾರ್ಮು ಎಷ್ಟು ಉದ್ದವಾದರೂ ಅದು ಸವದತ್ತಿಗೆ ಮುಟ್ಟಲಾರದು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಸುಮಾರು ೭೩ ಕಿಲೋಮೀಟರಿನ ನೇರ ಮಾರ್ಗವು, ಬೆಳಗಾವಿಯವರೇ ಆದ ದಿವಂಗತ ಸುರೇಶ ಅಂಗಡಿಯವರು ರೇಲ್ವೆಯ ರಾಜ್ಯಮಂತ್ರಿಗಳಾಗಿದ್ದ ಕಾಲದಲ್ಲಿ ಮುಂದಕ್ಕೆ ಬಂದಿತು. ಅದರ ಮೇಲೆ ಗಾಡಿಯಿನ್ನೂ ಓಡಿಲ್ಲ. ಅದು ಆದರೂ ಕಿತ್ತೂರಿಗೆ ಬೆಳಕು ಬಂದೀತು. ಸವದತ್ತಿ, ಹೂಲಿ, ರಾಮದುರ್ಗಗಳು ಕತ್ತಲೆಯಲ್ಲಿಯೇ ಉಳಿದಾವು. ಲೋಕಾಪುರದಿಂದ ರಾಮದುರ್ಗ, ಸವದತ್ತಿಗಳ ಮೇಲೆ ಧಾರವಾಡಕ್ಕೆ ಹಳಿ ಬೇಕೆಂಬ ಬೇಡಿಕೆಯು ಬಹುಕಾಲದ್ದು.

ಹೊಸ ಮಾರ್ಗದ ಮಾತು ಬಂದಾಗಲೆಲ್ಲ ಹಾಕಿದ ಹಣಕ್ಕೆ ಶೇಕಡಾ ಎಷ್ಟು ಹುಟ್ಟುವಳಿಯೆಂಬ ಲೆಕ್ಕವೇ ಮುಂದೆ ಬರುತ್ತದೆ. ಲೆಕ್ಕವನ್ನು ನೋಡಬಾರದೆಂದು ನಾವು ಹೇಳುವದಿಲ್ಲ. ಸಾರ್ವಜನಿಕರ ಹಣವನ್ನು ಕಣ್ಣುಮುಚ್ಚಿ ಚೆಲ್ಲತಕ್ಕದ್ದಲ್ಲ. ಆದರೆ ಒಂದು ಮಾತನ್ನು ಅಧಿಕಾರಿಗಳು ನೆನೆಯಬೇಕು. ಹೊಟಗಿ-ಗದಗ ಮಾರ್ಗವನ್ನು ಹಾಕಿದಾಗ ಆಗಿನ ಪರಕೀಯ ಸರಕಾರವು ಸಹ ಪ್ರಜೆಗಳ ರಕ್ಷಣೆಯನ್ನು ಒಂದು ಕಾರಣವಾಗಿ ಒಪ್ಪಿತ್ತು. ಪರಕೀಯರು ಒಪ್ಪಿದ ತತ್ತ್ವವನ್ನು ಸ್ವಕೀಯರು ಒಪ್ಪಲಾಗದೆ? ಗಾಡಿಯಿಲ್ಲದ ಕಡೆಗೆ ಗಿರಾಕಿಗಳಿಲ್ಲವೆಂದು ಹೇಳುವದು, ಬಾವಿಯನ್ನೇ ತೋಡದೆ ನೀರಿಲ್ಲವೆಂದು ಹೇಳಿದಂತೆ. ೧೮೮೦ರಲ್ಲಿ ಈ ಲೆಕ್ಕವನ್ನೇ ಹಿಡಿದು ಕುಳಿತಿದ್ದರೆ ಹುಬ್ಬಳ್ಳಿಯ ಸಂಧಿಸ್ಥಾನವೂ ಹುಟ್ಟುತ್ತಿರಲಿಲ್ಲ.

ಬೇಡುವವರ ಕರ್ತವ್ಯವೂ ಇದೆ. ಹಳಿ ಬಂದರೆ ಸಿರಿಯು ತಾನಾಗಿಯೇ ಬಂದೀತೆಂದು ನಂಬಿ ಕೂತರೆ, ನಮ್ಮ ಹತ್ತಿ, ಜೋಳಗಳು ಹೊರಗೆ ಹೋಗಿ ನಮ್ಮ ಯುವಕರೂ ಅವುಗಳ ಹಿಂದೆಯೇ ಹೋದಾರು. ಹುಬ್ಬಳ್ಳಿಗೆ ರೇಲ್ವೆಯು ಬಂದಾಗ ಅಲ್ಲಿ ವರ್ತಕರು ಇದ್ದರು, ಮುನಸಿಪಾಲಿಟಿಯಿತ್ತು, ಮಠಗಳಿದ್ದುವು. ಆದುದರಿಂದ ಬಂದುದನ್ನು ಊರು ಅರಗಿಸಿಕೊಂಡಿತು. ಬೈಲಹೊಂಗಲದ ಅರಳೆಪೇಟೆ, ಎಲ್ಲಮ್ಮನ ಯಾತ್ರೆ, ಹೂಲಿಯ ಶಿಲ್ಪ ಇವುಗಳನ್ನು ಒಂದುಗೂಡಿಸಿ, ಬರುವ ಹಳಿಗೆ ಕೊಡಲು ನಮ್ಮಲ್ಲಿ ಏನಿದೆಯೆಂಬುದನ್ನು ತಾಲೂಕಿನ ವರ್ತಕರೂ ಸಹಕಾರಿ ಸಂಘಗಳೂ ಪಂಚಾಯತಿಗಳೂ ಈಗಲೇ ಬರೆದು ಸಿದ್ಧಮಾಡಬೇಕು. ರೇಲ್ವೆಯ ನೌಕರಿಯ ಪರೀಕ್ಷೆಗಳಿಗೆ ಹುಡುಗರನ್ನು ಕನ್ನಡದಲ್ಲಿಯೇ ತಯಾರುಮಾಡುವ ತರಗತಿಗಳು ಸವದತ್ತಿ, ರಾಮದುರ್ಗಗಳಲ್ಲಿ ನಡೆಯಬೇಕು. ನಾಲ್ಕು ಪೇಟೆಗಳವರು ತಮ್ಮತಮ್ಮಲ್ಲಿ ಹೋರಾಡದೆ ಒಂದೇ ಅರ್ಜಿಯ ಕೆಳಗೆ ರುಜುಮಾಡಬೇಕು.

ಹುಬ್ಬಳ್ಳಿಯವರು ತೊಂಬತ್ತೈದು ವರ್ಷ ಕಾಯ್ದರು. ಆದರೆ ಸುಮ್ಮನೆ ಕಾಯಲಿಲ್ಲ. ಸಾಸಿರ್ವರು ಮಹಾಜನರು ಕೂಡಿ ಊರ ಕಾರ್ಯವನ್ನು ನಡೆಯಿಸಿದ ಪೂಲಿಯ ನಾಡಿಗೆ, ಹತ್ತು ಜನ ಕೂಡಿ ಒಂದು ಮಾತಾಡುವ ಪಾಠವನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ.