ಪೇಟೆಯಂಚಿನ ಕಾನಿನಲ್ಲಿ ಒಂದು ನಡಿಗೆ

ಮಲೆನಾಡಿನ ಈ ಪೇಟೆಯ ಕೊನೆಯ ಗ್ಯಾರೇಜು, ಅದರಾಚೆಯ ಅಕ್ಕಿ ಗಿರಣಿ ದಾಟಿದ ಮೇಲೆ ಟಾರು ರಸ್ತೆ ಎಡಕ್ಕೆ ಹೊರಳುತ್ತದೆ. ಕಾನಿಗೆ ಹೋಗುವವರು ಅದನ್ನು ಬಿಟ್ಟು ನೇರಕ್ಕೆ ಇಳಿಯುವ ಕೆಂಪು ಮಣ್ಣಿನ ದಾರಿ ಹಿಡಿಯಬೇಕು. ಫಲಕವೇನೂ ಇಲ್ಲ. ಅಡಿಕೆ ತೋಟದ ಬೇಲಿಗುಂಟ ಸ್ವಲ್ಪ ದೂರ ನಡೆದರೆ ಒಂದು ದಣಪೆ ಸಿಗುತ್ತದೆ. ದಾಟಿ ಮುಂದೆ ನಡೆದೆ.

ಮಾರ್ಚ್ ತಿಂಗಳ ಬೆಳಿಗ್ಗೆ. ಒಂಬತ್ತು ಗಂಟೆಗೇ ಬಿಸಿಲು ಚುರುಕಾಗಿತ್ತು. ಮೊದಲು ಸಿಕ್ಕಿದ್ದು ಅಕೇಶಿಯಾ ನೆಡುತೋಪು: ಸಾಲು ಹಿಡಿದು ನಿಂತ ಒಂದೇ ವಯಸ್ಸಿನ ಮರಗಳು, ಕಾಲಡಿಗೆ ಕುಡುಗೋಲಿನಾಕಾರದ ಒಣ ಎಲೆಗಳ ದಪ್ಪ ಹಾಸು. ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು ಅನ್ನಿಸಲಿಲ್ಲ. ಅದಾದ ಮೇಲೆ ಸೊಪ್ಪಿನಬೆಟ್ಟ. ತೋಟಕ್ಕೆ ಸೊಪ್ಪು ಕಡಿದು ಕಡಿದು ಇಲ್ಲಿನ ಮರಗಳು ಕಂಬಗಳಂತಾಗಿವೆ. ನೆತ್ತಿಯಿಲ್ಲದ ಮರದ ಬುಡಕ್ಕೆ ಬಿಸಿಲು ಸುರಿಯುತ್ತದೆ, ಬಿಸಿಲಿದ್ದಲ್ಲಿ ಕಮ್ಯುನಿಸ್ಟ್ ಗಿಡವೂ ಲಂಟಾನವೂ ಎದೆಯೆತ್ತರ ಹೆಣೆದುಕೊಳ್ಳುತ್ತವೆ. ಅಂಗಿಯ ತೋಳು ಹಿಡಿದೆಳೆಯುವ ಮುಳ್ಳು ಬಿಡಿಸಿಕೊಳ್ಳುತ್ತ ಹೋಗಬೇಕಾಯಿತು. ಇಡೀ ನಡಿಗೆಯಲ್ಲಿ ಕಷ್ಟದ ದಾರಿ ಅಂತ ಇದ್ದರೆ ಇದೊಂದೇ ತುಣುಕು, ಅದೂ ಕಾಡಿನ ಹೊರಗೆ.

ಕಾನು ಶುರುವಾದದ್ದು ಮೊದಲು ಗೊತ್ತಾಗಿದ್ದು ಚರ್ಮಕ್ಕೆ. ನಾಲ್ಕು ಹೆಜ್ಜೆಯಲ್ಲಿ ಗಾಳಿ ತಣ್ಣಗಾಯಿತು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ನಿಲ್ಲಬೇಕಾಯಿತು. ಹೊಂದಿಕೊಂಡ ಮೇಲೆ ಕಂಡದ್ದು ನಾನು ನಿರೀಕ್ಷಿಸಿದ್ದಕ್ಕೆ ತದ್ವಿರುದ್ಧ. ದಟ್ಟ ಕಾಡು ಎಂದರೆ ಕಾಲಿಡಲೂ ಜಾಗವಿಲ್ಲದ್ದು ಅಂದುಕೊಳ್ಳುತ್ತೇವೆ. ಇಲ್ಲಿ ನೆಲವೆಲ್ಲ ಬಿಡುವಾಗಿದೆ. ಅಲ್ಲೊಂದು ಇಲ್ಲೊಂದು ಎಳೆಯ ಸಸಿ, ಬೆತ್ತದ ಬಳ್ಳಿ, ಮೆತ್ತನೆಯ ದರಕು, ನಡುವೆ ಇಬ್ಬರು ಜೊತೆಜೊತೆಗೆ ನಡೆಯುವಷ್ಟು ಅಗಲದ ಕಾಲುದಾರಿ. ಯಾರೋ ಕತ್ತಿ ಹಿಡಿದು ಸವರಿ ಇಟ್ಟದ್ದಲ್ಲ. ಮೇಲೆ ನೆತ್ತಿಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಬಿಸಿಲು ಬೇಡುವ ಕಳೆಗಳು ಇಲ್ಲಿ ತಲೆಯೆತ್ತಲಾರವು. ಈ ದಾರಿಯನ್ನು ಮಕ್ಕಳೂ ವಯಸ್ಸಾದವರೂ ಸಲೀಸಾಗಿ ನಡೆಯಬಹುದು ಎಂದರೆ ಅದಕ್ಕೆ ಕಾರಣ ಕಾಡಿನ ಹಳೆತನವೇ.

ಏರಿಳಿತ ಕಡಿಮೆ. ಎಡಗಡೆ ಒಂದು ಹೆಬ್ಬಲಸು, ಇಬ್ಬರು ಕೈ ಕೂಡಿಸಿದರೂ ತಬ್ಬಲಾಗದ್ದು. ಅದರ ಮೈಮೇಲೆ ಮಣಿಕಟ್ಟಿನಷ್ಟು ದಪ್ಪದ ಕಾಡುಮೆಣಸಿನ ಬಳ್ಳಿ. ತೋಟದ ಮೆಣಸಿನಲ್ಲಿ ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುತ್ತವೆ. ಕಾಡುಮೆಣಸಿನಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಇದು ಯಾವುದೋ ಹೇಳಲಾರೆ, ಹೂವಿನ ಕರೆಯೊಂದೂ ಕಣ್ಣಿಗೆ ಬೀಳಲಿಲ್ಲ. ಸೊರಬ, ಸಾಗರ, ಸಿದ್ದಾಪುರದ ಕಡೆಯ ಕಾನುಗಳನ್ನು ಹಳ್ಳಿಯವರು ಕಾಪಾಡಿಕೊಂಡು ಬಂದದ್ದರಲ್ಲಿ ಈ ಮೆಣಸಿನ ಪಾಲು ದೊಡ್ಡದು. ಮೆಣಸು, ಉಪ್ಪಾಗೆ, ರಾಂಪತ್ರೆ, ಬಗನಿಯ ಹೆಂಡ ಎಲ್ಲವೂ ಮರ ಕಡಿಯದೆಯೇ ಸಿಗುತ್ತಿದ್ದವು.

ಮುಂದೆ ತೊಗಟೆಯ ಮೇಲೆ ಕಪ್ಪು ಮಸಿ ಇಳಿದಂತಿದ್ದ ಮರವೊಂದನ್ನು ಕಂಡು ಕೈ ಹಿಂದೆ ಎಳೆದುಕೊಂಡೆ. ಹೊಳಗಾರು. ಅದರ ಸೊನೆ ಗಾಳಿಗೆ ಕಪ್ಪಾಗುತ್ತದೆ, ತಾಗಿದರೆ ಮೈಯೆಲ್ಲ ಬೊಕ್ಕೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಒಂದು ಮರವನ್ನು ಮೊದಲು ಪರಿಚಯಿಸಿಬಿಡುವುದು ಒಳ್ಳೆಯದು. ಅಲ್ಲಿಂದ ಕಣ್ಣೆತ್ತಿ ನೋಡಿದಾಗ ನೆತ್ತಿಯಲ್ಲಿ ಕೆಂಪು ಕಂಡಿತು. ಹೂವಿರಬೇಕು ಅಂದುಕೊಂಡೆ, ಅಲ್ಲ, ನಾಗಸಂಪಿಗೆಯ ಚಿಗುರು. ಎಲ್ಲಿಂದಲೋ ಕೇಕೆಯಂಥ ಕೂಗು ಬಂತು. ಮಂಗಟ್ಟೆ ಇರಬಹುದು. ಕಾಜಾಣವೂ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವುದರಿಂದ ಖಚಿತವಾಗಿ ಹೇಳುವ ಧೈರ್ಯ ನನಗಿಲ್ಲ.

ದಾರಿ ಬಲಕ್ಕೆ ಬಾಗುವಲ್ಲಿ ಚೌಡಿಯ ಬನ. ಗುಡಿಯಿಲ್ಲ, ಗೋಡೆಯಿಲ್ಲ. ರಂಜಲು ಮರದ ಬುಡದಲ್ಲಿ ಕುಂಕುಮ ಬಳಿದ ಒಂದಷ್ಟು ಕಲ್ಲು, ಕೊಂಬೆಗೆ ಕಟ್ಟಿದ ತುಕ್ಕು ಹಿಡಿದ ಗಂಟೆ. ಪಕ್ಕದಲ್ಲಿ ಮೊಣಕಾಲೆತ್ತರದ ಕಲ್ಲೊಂದರ ಮೇಲೆ ಸವೆದ ಪ್ರಾಣಿಯ ಉಬ್ಬುಚಿತ್ರ. ಬಾಲ ಮೇಲಕ್ಕೆ ಸುತ್ತಿಕೊಂಡಿರುವುದನ್ನು ನೋಡಿ ಹುಲಿದೇವರಿರಬೇಕು ಅಂದುಕೊಂಡೆ. 1801ರಲ್ಲಿ ಉತ್ತರ ಕನ್ನಡದ ಕರಾವಳಿಯಲ್ಲಿ ತಿರುಗಾಡಿದ ಒಬ್ಬ ಬ್ರಿಟಿಷ್ ವೈದ್ಯ, ಅಲ್ಲಿನ ಕಾಡುಗಳು ಆಯಾ ಊರಿನ ದೇವರ ಆಸ್ತಿ, ಪೂಜಾರಿಯೂ ಆಗಿದ್ದ ಗೌಡನನ್ನು ಕೇಳದೆ ಮರ ಕಡಿಯುವಂತಿಲ್ಲ ಎಂದು ಬರೆದಿಟ್ಟಿದ್ದಾನೆ. ಆ ಅಪ್ಪಣೆಗೆ ದೇವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕೇಳದೆ ಕಡಿದರೆ ಮಾತ್ರ ಕೆಡುಕು ಖಂಡಿತ ಎಂಬುದು ಜನರ ನಂಬಿಕೆ. ಬನದ ಸುತ್ತ ಇರುವಷ್ಟು ದೊಡ್ಡ ಮರಗಳು ಕಾನಿನಲ್ಲಿ ಬೇರೆಲ್ಲೂ ನನಗೆ ಕಾಣಲಿಲ್ಲ. ಆ ನಂಬಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಬನದಿಂದ ಸ್ವಲ್ಪ ಇಳಿದರೆ ಜಡ್ಡಿ. ನಾನು ಬಂದದ್ದೇ ಇದನ್ನು ನೋಡಲು. ಎರಡು ದಿಬ್ಬಗಳ ನಡುವಿನ ಸಮತಟ್ಟು ಜಾಗ, ಕಪ್ಪು ಕೆಸರು, ಅದರ ಮೇಲೆ ಹಿಮ್ಮಡಿ ಮುಳುಗುವಷ್ಟು ತಿಳಿನೀರು. ಪೇಟೆಯ ಬಾವಿಗಳ ನೀರು ತಳ ಕಾಣುವ ತಿಂಗಳಲ್ಲಿ ಈ ನೀರು ಹರಿಯುತ್ತಲೇ ಇದೆ. ಕೆಸರಿನ ತುಂಬ ಬೇರುಗಳು ಮೇಲೆದ್ದು, ಮಡಚಿ ಕೂತವರ ಮೊಣಕಾಲಿನ ಹಾಗೆ ಬಾಗಿ ಮತ್ತೆ ಮಣ್ಣಿಗಿಳಿದಿವೆ. ಇವು ಜಾಯಿಕಾಯಿಯ ಕುಟುಂಬದ ಮರಗಳು, ಹೂಬಿಡುವ ಸಸ್ಯಗಳ ಬಹಳ ಹಳೆಯ ಕವಲೊಂದಕ್ಕೆ ಸೇರಿದವು. ನೀರು ತುಂಬಿದ ಕೆಸರಿನಲ್ಲಿ ಗಾಳಿಯಾಡುವುದಿಲ್ಲವಾದ್ದರಿಂದ ಬೇರು ಹೊರಗೆ ಬಂದು ಉಸಿರಾಡುತ್ತದೆ. ಅದೇ ಕುಟುಂಬದ ಇನ್ನೊಂದು ಮರ ಕಾಂಡದಿಂದಲೇ ಊರುಗೋಲಿನ ಬೇರುಗಳನ್ನು ಇಳಿಬಿಟ್ಟು ನಿಂತಿದೆ.

ಜಡ್ಡಿಯ ಅಂಚಿನಲ್ಲಿ ಕಲ್ಲುಗಳನ್ನಿಟ್ಟ ದಾಟುಜಾಗವಿದೆ. ಒಂದು ಕಲ್ಲಿನ ಮೇಲೆ ಕೂತು ಬಹಳ ಹೊತ್ತು ನೋಡಿದೆ. ಈ ಮರಗಳ ಬೀಜಕ್ಕೆ ಕೆಂಪು ಪತ್ರೆ ಸುತ್ತಿಕೊಂಡಿರುತ್ತದೆ. ಪತ್ರೆಯ ಆಸೆಗೆ ಮಂಗಟ್ಟೆಯೂ ಕಾಡುಪಾರಿವಾಳವೂ ಬೀಜ ನುಂಗಿ ಬೇರೆಡೆ ಉಗುಳುತ್ತವೆ. ಆದರೆ ಬೀಜ ಒಣಗಿತೋ, ಮೊಳಕೆಯ ಶಕ್ತಿ ಹೋಯಿತು. ಭತ್ತದ ಬೀಜದಂತೆ ಮುಂದಿನ ವರ್ಷಕ್ಕೆ ಕಾದಿಡಲಾಗದು. ಬಿದ್ದಲ್ಲಿ ನೆರಳೂ ತೇವವೂ ಇರಲೇಬೇಕು. ನೀರಿರುವ ಸಮತಟ್ಟು ಜಾಗ ಬೇಸಾಯಕ್ಕೂ ಬೇಕಾದದ್ದೇ. ಹಾಗಾಗಿ ಇಂಥ ಜಡ್ಡಿಗಳು ಎಷ್ಟೋ ಕಡೆ ಗದ್ದೆಯಾದವು, ತೋಟವಾದವು. ಉಳಿದವು ಕೆಲವೇ ಎಕರೆಯ ತುಂಡುಗಳು. ಆ ತುಂಡುಗಳಲ್ಲಿ ಏನೆಲ್ಲ ಇದೆ ಎಂಬುದು ಇನ್ನೂ ಪೂರ್ತಿ ತಿಳಿದಂತಿಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಬೆಳೆದು ನಿಂತಿದ್ದ ಗೇರಿನ ಸಂಬಂಧಿ ಮರವೊಂದನ್ನು ಹೊಸ ಪ್ರಭೇದವೆಂದು ವಿಜ್ಞಾನ ಗುರುತಿಸಿದ್ದು 2000ದಲ್ಲಿ. ಸಣ್ಣ ಗಿಡವಲ್ಲ, ಎತ್ತರದ ಮರ!

ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಬಲಗಡೆಯದು ದನ ತುಳಿದದ್ದೋ ಜನ ತುಳಿದದ್ದೋ ತಿಳಿಯದೆ ಎಡಕ್ಕೆ ಹೊರಟೆ. ಸ್ವಲ್ಪ ಮುಂದೆ ದೊಡ್ಡ ಮರವೊಂದು ಉರುಳಿ ಆಕಾಶ ತೆರೆದುಕೊಂಡಿತ್ತು. ಅಷ್ಟಗಲಕ್ಕೆ ಮಾತ್ರ ಮತ್ತೆ ಕಮ್ಯುನಿಸ್ಟ್ ಗಿಡ, ಮತ್ತೆ ಮುಳ್ಳು. ನಡುವೆ ಒಂದೆರಡು ಎಳೆಯ ಮರಗಳು ಆಗಲೇ ಅದರ ತಲೆ ಮೀರಿದ್ದರಿಂದ ಈ ಕಿಂಡಿ ತಾನಾಗಿ ಮುಚ್ಚಿಕೊಳ್ಳಬಹುದು. ಜೀಪು ಹೋಗಲೆಂದು ದಾರಿ ಅಗಲ ಮಾಡಿದರೆ ಬೀಳುವ ಬಿಸಿಲಿನ ಪಟ್ಟಿ ಹಾಗೆ ಮುಚ್ಚಲಾರದು. ಇಲ್ಲಿನ ಕಾಲುದಾರಿ ಕಾಲುದಾರಿಯಾಗಿಯೇ ಇರಲಿ ಎಂದು ನಾನು ಬಯಸುವುದು ಅದಕ್ಕೇ.

ಎಡದ ಕವಲು ಒಂದು ಹುಲ್ಲಿನ ಬ್ಯಾಣಕ್ಕೆ ಬಂದು ಮುಟ್ಟುತ್ತದೆ. ಅಲ್ಲಿಂದ ಪೇಟೆಯ ಮೊಬೈಲ್ ಟವರು ಕಾಣುತ್ತದೆ, ದಾರಿ ತಪ್ಪುವ ಭಯವಿಲ್ಲ. ನಿಧಾನಕ್ಕೆ ನಡೆದರೆ ಒಟ್ಟು ಎರಡು ಗಂಟೆಯ ಸುತ್ತು. ಹೋಗುವುದಾದರೆ ಡಿಸೆಂಬರಿನಿಂದ ಮಾರ್ಚಿನವರೆಗೆ ಹೋಗಿ. ಮಳೆಗಾಲದಲ್ಲಿ ಉಂಬಳಗಳು ಬಿಡುವುದಿಲ್ಲ, ಜಡ್ಡಿಯ ಕಲ್ಲುಗಳೂ ಮುಳುಗಿರುತ್ತವೆ. ಬನದಲ್ಲಿ ಚಪ್ಪಲಿ ಬಿಡುವುದು ಊರಿನ ಪದ್ಧತಿ. ಜಡ್ಡಿಯಲ್ಲಿ ಫೋಟೋಕ್ಕೆಂದು ಕೆಸರಿಗೆ ಇಳಿಯದೆ ಕಲ್ಲಿನ ಮೇಲೆಯೇ ದಾಟಿ, ಯಾಕೆಂದರೆ ಬೇರುಗಳ ಸಂದಿಯಲ್ಲಿ ಎರಡೆಲೆಯ ಸಸಿಗಳು ಬೇಕಾದಷ್ಟಿವೆ.